ಶುಗರ್ ಇದ್ದವರ ಟೊಂಕ ನೋವಿಗೆ ಕಟಿಬಸ್ತಿ, ದಶಮೂಲಾರಿಷ್ಟ ನಡೀತಾವೇನ್ರಿ?

ಸಿಂಧನೂರು_ಗದ್ದಿ:
ಅವ್ವಗ 58 ವರ್ಷ. ಶುಗರ್ ಬಂದು 9 ವರ್ಷ ಆತು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಗುಳಿಗಿ ನಡದಾವ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.6. ಟೊಂಕ ಹಿಡಿದು ಬಲಗಾಲಿನ ಹಿಂದ ಮೀನಖಂಡದ ತನಕ ಎಳಿತದ. ರಾತ್ರಿ ಎರಡೂ ಅಂಗಾಲು ಉರಿ, ಜೋಮು. ಕಾದ ಉಸುಕಿನ ಗಂಟಿಂದ ಟೊಂಕಕ್ಕೂ ಅಂಗಾಲಿಗೂ ಕಾವು ಕೊಡಾಕ ಹತ್ತೀವಿ. ಸಂತ್ಯಾಗ ತಂದ ಪುಡಿ ನಾಕು ದಿನ ಕೊಟ್ವಿ. ನೋವು ಎರಡೇ ದಿನಕ್ಕ ಇಳೀತು, ಶುಗರ್ ಮಾತ್ರ 310 ಆತು. ಮುಂದೇನು ಮಾಡೋಣ?

ಲಕ್ಕಿಗಿಡ:
ಪುಡಿ ನಿಲ್ಲಿಸ್ರಿ. ಎರಡು ದಿನಕ್ಕೆ ನೋವು ಮಾಯ, ಜೊತೆಗೆ ಶುಗರ್ ಏರಿಕೆ ಅಂದ್ರೆ ಸ್ಟೆರಾಯ್ಡ್ ಬೆರೆಸಿರೋ ಅನುಮಾನ ಬಲವಾಗಿ ಬರುತ್ತದೆ. ನಾಲ್ಕು ದಿನ ಅಂದ್ರಿ, ಸರಿ. ವಾರಗಟ್ಟಲೆ ತಿಂದವರಾದರೆ ತಾವಾಗೇ ದಿಢೀರ್ ಬಿಡಬಾರದು, ಪೊಟ್ಟಣ ಸಮೇತ ಡಾಕ್ಟರ ಹತ್ರ ಹೋಗಬೇಕು.

ಇಲ್ಲಿ ನೋವು ಒಂದಲ್ಲ, ಎರಡು. ಟೊಂಕದಿಂದ ಒಂದೇ ಕಾಲಿಗೆ ಇಳಿಯೋದು ಗೃಧ್ರಸಿ, ಬೆನ್ನಿನ ನರ ಒತ್ತಿದ್ದು. ಎರಡೂ ಅಂಗಾಲು ಸಮನಾಗಿ ಉರಿಯೋದು ಹೆಚ್ಚಾಗಿ ಶುಗರಿನಿಂದ ನರ ಸೊರಗಿದ್ದು. ಕಾವು ಮೊದಲನೆಯದಕ್ಕೆ ಹಿತ, ಎರಡನೆಯದಕ್ಕೆ ಅಪಾಯ. ಜೋಮು ಹಿಡಿದ ಅಂಗಾಲಿಗೆ ಬಿಸಿ ತಿಳಿಯೋದಿಲ್ಲ, ಬೊಬ್ಬೆ ಎದ್ದದ್ದೂ ಮರುದಿನವೇ ಕಾಣೋದು. ಆ ಗಾಯ ಬೇಗ ಮಾಯೋದಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 14ನೇ ಅಧ್ಯಾಯ ಸ್ವೇದ (ಬೆವರು ಬರಿಸೋ ಕಾವು) ಕೊಡಬಾರದವರ ಪಟ್ಟಿಯಲ್ಲಿ ಮಧುಮೇಹಿಯನ್ನೂ ಹೇಳುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ ಕೂರಿಸಿ ಇಡೀ ಮೈಗೆ ಹಬೆ ಬೇಡ. ಟೊಂಕಕ್ಕಷ್ಟೇ, ಹದವಾಗಿ.

ಮೆಟ್‌ಫಾರ್ಮಿನ್ ಇಷ್ಟು ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಡಿಮೆ ಆಗಿಯೂ ಅಂಗಾಲು ಉರಿಯುತ್ತದೆ. ಆ ಪರೀಕ್ಷೆ, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಎರಡೂ ಮಾಡಿಸ್ರಿ. ಕಿಡ್ನಿ ಹೇಗಿದೆ ಅಂತ ತಿಳಿಯದೆ ಭಸ್ಮ, ರಸೌಷಧಿ (ಪಾದರಸ, ಲೋಹ ಸೇರಿದ ಔಷಧಿ) ಮುಟ್ಟಬ್ಯಾಡ್ರಿ.

ಎಣ್ಣೆಗಿಂಡಿ:
ಕಟಿಬಸ್ತಿ (ಟೊಂಕದ ಮೇಲೆ ಬೆಚ್ಚಗಿನ ಎಣ್ಣೆ ನಿಲ್ಲಿಸೋದು) ಮೊದಲ ಸಲ ಆಸ್ಪತ್ರೆಯಲ್ಲೇ ಮಾಡಿಸಿ. ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜಿದೆ, ಅಲ್ಲಿ ವಿಚಾರಿಸಿ. ಮಾಡೋ ಕ್ರಮ ಹೀಗೆ: ಅರ್ಧ ಕಿಲೋ ಉದ್ದಿನ ಹಿಟ್ಟನ್ನು ರೊಟ್ಟಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ನೋವಿರೋ ಜಾಗದ ಸುತ್ತ ಎರಡು ಇಂಚು ಎತ್ತರದ ಕಟ್ಟೆ ಕಟ್ಟಬೇಕು. 200 ಮಿ.ಲೀ. ಸಹಚರಾದಿ ಅಥವಾ ಮಹಾನಾರಾಯಣ ತೈಲದ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕಾಯಿಸಿ. ನೇರ ಒಲೆ ಮೇಲೆ ಇಟ್ಟರೆ ತಳ ಸುಡುತ್ತದೆ, ಮೇಲೆ ಮುಟ್ಟಿದರೆ ಬೆಚ್ಚಗೇ ಅನಿಸುತ್ತದೆ. ಸುಡೋದು ಅಲ್ಲೇ. ಕಲಕಿ, ಕಾಯಿಸಿದವರು ತಮ್ಮ ಮೊಣಕೈ ಒಳಭಾಗಕ್ಕೆ ಹನಿಸಿ ನೋಡಬೇಕು, ರೋಗಿಯನ್ನು ಕೇಳಿದರೆ ಸಾಲದು. ಅರಳೆಯಿಂದ ಆರಿದ ಎಣ್ಣೆ ಹೀರಿ ಬೆಚ್ಚಗಿನದು ತುಂಬುತ್ತಾ 30 ನಿಮಿಷ, ಹೀಗೆ 7 ದಿನ. ನಮ್ಮ ಕಡೆ ಬ್ಯಾಸಗಿಯಲ್ಲಿ ಬೆಳಿಗ್ಗೆ 8ರೊಳಗೆ ಮುಗಿಸಿ. ಆದರೆ ತಿಂಡಿ ತಿನ್ನಿಸದೆ ಮಲಗಿಸಬೇಡಿ.

ಸಿಂಧನೂರು_ಗದ್ದಿ:
ಕಟ್ಟಿ ಸೋರಿದ್ರ? ಅರಿಷ್ಟದ್ದು ಯಾರೂ ಹೇಳಲಿಲ್ಲ.

ಎಣ್ಣೆಗಿಂಡಿ:
ಬೆವರು ಇದ್ದರೆ ಹಿಟ್ಟು ಹಿಡಿಯೋದಿಲ್ಲ. ಒಣಬಟ್ಟೆಯಿಂದ ಒರೆಸಿ ಕೂರಿಸಿ, ಒಳಗೂ ಹೊರಗೂ ಒದ್ದೆ ಬೆರಳಿಂದ ಸವರಿ ಅಂಚು ಮುಚ್ಚಿ. ಎಣ್ಣೆ ಮೊದಲೇ ಸವರಿದ್ದರೆ ಕಟ್ಟೆ ಜಾರೋದೇ.

ಕಹಿಜೀರಿಗೆ:
ದಶಮೂಲಾರಿಷ್ಟದಲ್ಲಿ ಬೆಲ್ಲ, ಜೇನು ಹಾಕಿ ಹುದುಗಿಸಿರ್ತಾರೆ, ಮದ್ಯದ ಅಂಶವೂ ಇರುತ್ತದೆ. ನಿಮ್ಮ ಅವ್ವಗೆ ಬೇಡ. ಲೇಹ್ಯವೂ ಅಷ್ಟೇ. ಅದರ ಬದಲು ರಾಸ್ನಾಸಪ್ತಕ ಕ್ವಾಥ ಚೂರ್ಣ 10 ಗ್ರಾಂ, 160 ಮಿ.ಲೀ. ನೀರಿಗೆ ಹಾಕಿ ಸಣ್ಣ ಉರಿಯಲ್ಲಿ 40ಕ್ಕೆ ಇಳಿಸಿ ಸೋಸಿದ ಕಷಾಯ ಸಾಮಾನ್ಯವಾಗಿ ಕೊಡ್ತಾರೆ. ಕಕ್ಕೆಕಾಯಿ, ಔಡಲದ ಬೇರು ಇರೋದ್ರಿಂದ ಹೊಟ್ಟೆ ಸಡಿಲ ಆಗಬಹುದು, ಹಾಗೆ ಆದರೆ ಅಳತೆ ಇಳಿಸಬೇಕು. ಯೋಗರಾಜ ಗುಗ್ಗುಳು ಗುಳಿಗೆ ವೈದ್ಯರು ನೋಡಿ ಬರೆದರೆ ಮಾತ್ರ.

ಇನ್ನೊಂದು ಎಡವಟ್ಟು: ಮೆಂತ್ಯ, ನೇರಳೆ ಬೀಜದ ಪುಡಿ, ಅಮೃತಬಳ್ಳಿ ಎಲ್ಲ ಒಟ್ಟಿಗೆ ಶುರು ಮಾಡೋದು. ಗ್ಲಿಮಿಪಿರೈಡ್ ಜೊತೆ ಶುಗರ್ 70ರ ಕೆಳಗೆ ಇಳಿದು ಬೆವರು, ನಡುಕ ಬರಬಹುದು. ಒಂದು ಸಲಕ್ಕೆ ಒಂದೇ, ಮೊದಲ ವಾರ ಮೀಟರಿನಲ್ಲಿ ನೋಡ್ತಾ ಇರ್ರಿ. ಇಂಗ್ಲಿಷ್ ಗುಳಿಗೆ ನೀವಾಗೇ ಬಿಡಿಸಬ್ಯಾಡ್ರಿ.

ಲಕ್ಕಿಗಿಡ:
ಅಂಗಾಲಿಗೆ ಎಣ್ಣೆ ಸವರಿದರೆ ಬೆರಳಸಂದಿ ಒರೆಸ್ರಿ, ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಪಾದ ಜೋತುಬಿದ್ದರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದಿ ಮರಗಟ್ಟಿದರೆ ಎಣ್ಣೆ ಬಿಟ್ಟು ಅವತ್ತೇ ದೊಡ್ಡಾಸ್ಪತ್ರೆ. ಸಂಜಿ ಜ್ವರ ಬಂದು ತೂಕ ಇಳಿದರೆ ಬೆನ್ನೆಲುಬಿನ ಕ್ಷಯ ಇದೆಯಾ ನೋಡಿಸ್ರಿ, ಶುಗರ್ ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ.