ಪ್ರಶ್ನೋತ್ತರ: ಹಳೆಯ ಫ್ರೆಂಚ್ ಸೈಕಲ್‌ನ ಬಿಬಿ ಕಪ್ ಜಪ್ಪಯ್ಯ ಎಂದರೂ ಅಲುಗುತ್ತಿಲ್ಲ

ಪ್ರಶ್ನೆ (ಲಿಯೋನ್‌ನಿಂದ):
ಸರ್, ನಮಸ್ಕಾರ. ನಾನು ದಾವಣಗೆರೆಯವನು, ಮೂರು ವರ್ಷಗಳಿಂದ ಫ್ರಾನ್ಸ್‌ನ ಲಿಯೋನ್‌ನಲ್ಲಿದ್ದೇನೆ. ಬೀದಿ ಬದಿಯ ಹಳೆ ಸಾಮಾನಿನ ಸಂತೆಯಲ್ಲಿ 40 ಯೂರೋ ಕೊಟ್ಟು ಒಂದು ಪ್ಯೂಜೋ ಸೈಕಲ್ ಕೊಂಡೆ. 1970ರ ದಶಕದ ನಡುವಿನದು ಎಂದು ಮಾರಿದವರು ಹೇಳಿದರು. ಮಫಾಕ್ ಬ್ರೇಕ್, ಸಿಂಪ್ಲೆಕ್ಸ್ ಗೇರ್, ಹಿಂದೆ ಐದು ಹಲ್ಲುಚಕ್ರ. ಪೆಡಲ್ ತುಳಿದರೆ ಕರಕರ ಸದ್ದು, ಜೊತೆಗೆ ಆಟ. ಸ್ಟೀಲ್ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತೆಗೆದು, ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ಸ್ಟ್ರಾಂಗ್‌ಲೈಟ್ ಅಲ್ಯುಮಿನಿಯಂ ಕ್ರ್ಯಾಂಕ್ ಹಾಕೋಣ ಎಂದುಕೊಂಡೆ.

ಕ್ರ್ಯಾಂಕನ್ನು ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ತೆಗೆಯಲು ಎರಡು ದಿನ ಹಿಡಿಯಿತು. ಬಿಬಿಯ (ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗ್ ಜೋಡಣೆ) ಎಡಗಡೆಯ ಕಪ್ ಬಂತು. ಬಲಗಡೆಯದು ಬರಲಿಲ್ಲ. ವಿಡಿಯೋ ನೋಡಿ, ಬಲಗಡೆಯದು ಉಲ್ಟಾ ಥ್ರೆಡ್ ಎಂದು ಗಡಿಯಾರದ ದಿಕ್ಕಿಗೆ ಒಂದು ಸಂಜೆ ಪೂರ್ತಿ ತಿರುಗಿಸಿದೆ, ಸ್ಪ್ಯಾನರ್ ಜಾರಿ ಕೈ ಕೆತ್ತಿತೇ ಹೊರತು ಕಪ್ ಕದಲಲಿಲ್ಲ. ಇಷ್ಟರಲ್ಲಿ ಅಂಗಡಿಯೊಂದರಲ್ಲಿ 68 ಮಿ.ಮೀ. ಅಳತೆಯ ಹೊಸ ಸೀಲ್ಡ್ ಬಿಬಿಯನ್ನೂ ತಂದಿದ್ದೆ. ಅದರ ಎಡಗಡೆಯ ಕಪ್ ಎರಡು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. ಇನ್ನಷ್ಟು ಬಲ ಹಾಕಲೇ?

ಉತ್ತರ (ಬೆಂಗಳೂರಿನ ಸೈಕಲ್ ಮೆಕ್ಯಾನಿಕ್):
ಬಲ ಹಾಕಬೇಡಿ. ಮೊದಲು ಆ ಹೊಸ ಕಪ್ಪನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಹೊರಗೆ ತೆಗೆಯಿರಿ, ಉಳಿದ ಮಾತು ಆಮೇಲೆ.

ನಿಮ್ಮ ಸೈಕಲ್‌ನ ಬಿಬಿ ಫ್ರೆಂಚ್ ಥ್ರೆಡ್: 35 ಮಿ.ಮೀ. ವ್ಯಾಸ, ಒಂದು ಸುತ್ತು ತಿರುಗಿದರೆ 1 ಮಿ.ಮೀ. ಒಳಗೆ. ನೀವು ತಂದಿರುವುದು ಇಂಗ್ಲಿಷ್ ಥ್ರೆಡ್: 1.37 ಇಂಚು, ಇಂಚಿಗೆ 24 ಸುತ್ತು. ಲೆಕ್ಕ ಹಾಕಿದರೆ ವ್ಯಾಸ 34.8 ಮಿ.ಮೀ., ಒಂದು ಸುತ್ತಿಗೆ 1.058 ಮಿ.ಮೀ. ವ್ಯಾಸ ಕೂದಲೆಳೆಯಷ್ಟು ಸಣ್ಣದಾದ್ದರಿಂದ ಮೊದಲ ಎರಡು ಸುತ್ತು ನಯವಾಗಿ ಹೋಗುತ್ತದೆ, ನಮಗೂ ಸರಿಯಾಯಿತು ಅನ್ನಿಸುತ್ತದೆ. ಆದರೆ ಪ್ರತಿ ಸುತ್ತಿಗೂ 0.058 ವ್ಯತ್ಯಾಸ ಸೇರುತ್ತಾ ಹೋಗಿ ಒಂದು ಥ್ರೆಡ್ಡಿನ ಏಣು ಇನ್ನೊಂದರ ಏಣಿನ ಮೇಲೆ ಕೂರುತ್ತದೆ. ಅಲ್ಲಿಂದ ಮುಂದೆ ನೀವು ತಿರುಗಿಸುತ್ತಿಲ್ಲ, ಫ್ರೇಮಿನೊಳಗೆ ಉಳಿ ಹಾಕುತ್ತಿದ್ದೀರಿ. 68 ಮಿ.ಮೀ. ಎನ್ನುವುದು ಶೆಲ್ಲಿನ, ಅಂದರೆ ಬಿಬಿ ಕೂರುವ ಫ್ರೇಮಿನ ಕೊಳವೆಯ, ಅಗಲ ಮಾತ್ರ. ಇಂಗ್ಲಿಷ್‌ಗೂ ಫ್ರೆಂಚ್‌ಗೂ ಅದು ಒಂದೇ, ಅಂಗಡಿಯವರು ಎಡವಿದ್ದು ಅಲ್ಲಿ.

ಇನ್ನು ಬಲಗಡೆಯ ಕಪ್. ಇಂಗ್ಲಿಷ್ ಸೈಕಲ್‌ನಲ್ಲಿ ಅದು ಉಲ್ಟಾ ಥ್ರೆಡ್, ವಿಡಿಯೋದವರು ಹೇಳಿದ್ದು ಅದಕ್ಕೆ ಸರಿ. ಫ್ರೆಂಚ್‌ನಲ್ಲಿ ಎರಡೂ ಕಡೆ ಸಾಧಾರಣ ಥ್ರೆಡ್. ನೀವು ಸಂಜೆಯಿಡೀ ಪ್ರದಕ್ಷಿಣೆ ಹಾಕಿದ್ದೀರಿ, ಆ ಕಪ್ಪಿಗೆ ಬೇಕಿದ್ದದ್ದು ಅಪ್ರದಕ್ಷಿಣೆ. ಸಾಲದ್ದಕ್ಕೆ, ಸಾಧಾರಣ ಥ್ರೆಡ್ಡಿನ ಬಲಗಪ್ಪು ತುಳಿತಕ್ಕೆ ತಾನಾಗಿ ಸಡಿಲವಾಗುವ ಸ್ವಭಾವದ್ದು ಎಂದು ಕಾರ್ಖಾನೆಯವರೇ ಅದನ್ನು ಜಡಿದು ಬಿಗಿದಿರುತ್ತಾರೆ. ಅದರ ಮೇಲೆ ನಿಮ್ಮದೂ ಒಂದು ಸಂಜೆ ಸೇರಿದೆ.

ಒಂದು ಎಚ್ಚರಿಕೆ. 35×1 ಅಳತೆಯಲ್ಲೇ ಬಲಗಡೆ ಉಲ್ಟಾ ಇರುವ ಸ್ವಿಸ್ ಥ್ರೆಡ್ ಎಂಬುದೂ ಇದೆ. ಮೊಟೊಬೆಕಾನ್ ಸೈಕಲ್‌ಗಳಲ್ಲಿ ಅದು ಸಿಗುತ್ತದೆ. ಪ್ಯೂಜೋ ಎಂದರೆ ನಾನು ಫ್ರೆಂಚ್ ಎಂದೇ ಹಿಡಿಯುತ್ತೇನೆ. ಆದರೂ ಶೆಲ್ಲಿನೊಳಗೆ ಟಾರ್ಚ್ ಬಿಟ್ಟು, ಕಪ್ಪಿನ ಒಳ ಅಂಚಿನಾಚೆ ಥ್ರೆಡ್ ಕಂಡರೆ ಅದು ಯಾವ ಕಡೆಗೆ ವಾಲಿದೆ ಎಂದು ನೋಡಿಬಿಡಿ.

ಈಗ ನನ್ನ ಪ್ರಶ್ನೆ: ಬಲಗಪ್ಪನ್ನು ತೆಗೆಯಲೇಬೇಕೆಂದು ಯಾರು ಹೇಳಿದರು? ಕಪ್ಪಿನೊಳಗೆ ಬೇರಿಂಗ್ ಗೋಲಿ ಓಡುವ ದಾರಿಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬಾಲ್‌ಪೆನ್ನಿನ ತುದಿಯನ್ನು ಅದರ ಮೇಲೆ ಮೆಲ್ಲಗೆ ಓಡಿಸಿ. ಕಣ್ಣಿಗೆ ಕಾಣದ ಗುಳಿಯೂ ಪೆನ್ನಿನ ತುದಿಗೆ ಸಿಗುತ್ತದೆ. ನಯವಾಗಿ ಓಡಿದರೆ ಕಪ್ ಅಲ್ಲೇ ಇರಲಿ. ಫ್ರೆಂಚ್ ಕಪ್ ಎಂದರೆ ಚಿನ್ನ ಸರ್, ಬೆಂಗಳೂರಿನಲ್ಲಿ ಒಂದು ಕಪ್ಪಿಗಾಗಿ ನಾನು ತಿಂಗಳುಗಟ್ಟಲೆ ಕಾದಿದ್ದೇನೆ. ಹೊಸ ಕ್ರ್ಯಾಂಕಿಗೆ ಹೊಂದುವ ಚೌಕ ತುದಿಯ ಆಕ್ಸಲ್ ಮಾತ್ರ ಬದಲಿಸಿದರೆ ನಿಮ್ಮ ಕೆಲಸ ಮುಗಿಯುತ್ತದೆ.

ಪ್ರಶ್ನೆ ಕೇಳಿದವರು:
ಪೆನ್ ಓಡಿಸಿದೆ ಸರ್. ಬಲಗಡೆಯದು ಗಾಜಿನಂತಿದೆ. ಎಡಗಡೆಯದರಲ್ಲಿ ಮೂರು ಕಡೆ ಟಿಕ್ ಎಂದು ಸಿಕ್ಕಿಕೊಳ್ಳುತ್ತದೆ. ಎಡಗಡೆ ಶೆಲ್ಲಿನ ಬಾಯಲ್ಲಿ, ನಾನು ಆ ಇಂಗ್ಲಿಷ್ ಕಪ್ ತುರುಕಿದ ಜಾಗದಲ್ಲಿ, ಥ್ರೆಡ್ ಸ್ವಲ್ಪ ಹೊಳೆಯುತ್ತಿದೆ. ಇಟಾಲಿಯನ್ ಥ್ರೆಡ್ ಕೊರೆಸಿಬಿಡಿ, ತಲೆನೋವೇ ಇರುವುದಿಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ.

ಉತ್ತರ:
ಇಟಾಲಿಯನ್ ಎಂದರೆ 36 ಮಿ.ಮೀ., ಇಂಚಿಗೆ 24 ಸುತ್ತು. 35ರ ರಂಧ್ರವನ್ನು 36ಕ್ಕೆ ಕೊರೆಯಬಹುದು, ನಿಜ. ಆದರೆ ಒಮ್ಮೆ ಕೊರೆದ ಲೋಹ ಹಿಂದಕ್ಕೆ ಬರುವುದಿಲ್ಲ. ಮೇಲಾಗಿ ಇಟಾಲಿಯನ್ ಬಿಬಿ 70 ಮಿ.ಮೀ. ಅಗಲದ ಶೆಲ್ಲಿಗೆ ಮಾಡಿದ್ದು. ಥ್ರೆಡ್ ಪೂರ್ತಿ ಹಾಳಾಗಿದ್ದರೆ ಮಾತ್ರ ಆ ಯೋಚನೆ. ಆಗಲೂ ನಾನಾದರೆ ಥ್ರೆಡ್ಡೇ ಬೇಡದ ಬಿಬಿ ಹಾಕುತ್ತೇನೆ. ವೆಲೋ ಆರೆಂಜ್‌ನವರು ಮಾಡಿರುವ ಅಂಥ ಬಿಬಿಯಲ್ಲಿ ಎರಡು ಭಾಗಗಳು ಎರಡು ಕಡೆಯಿಂದ ಬಂದು ಶೆಲ್ಲಿನೊಳಗೆ ಒಂದಕ್ಕೊಂದು ತಿರುಪಿಕೊಂಡು ಫ್ರೇಮನ್ನು ಅಪ್ಪಿ ಹಿಡಿಯುತ್ತವೆ. ಹಣ ಹೋದರೂ ಅಡ್ಡಿಯಿಲ್ಲ, ಹೊಸ ಸೀಲ್ಡ್ ಬೇರಿಂಗೇ ಬೇಕು ಎನ್ನುವವರಿಗೆ ಫಿಲ್ ವುಡ್ ಇದೆ, ಅದಕ್ಕೆ ಫ್ರೆಂಚ್ ಥ್ರೆಡ್ಡಿನ ರಿಂಗುಗಳೂ ಬರುತ್ತವೆ. ನಿಮಗೆ ಎರಡೂ ಬೇಡ.

ಎರಡು ಸುತ್ತು ತಿರುಗಿಸಿದ್ದಕ್ಕೆ ಥ್ರೆಡ್ ಹೊಳೆದಿದೆಯಷ್ಟೆ, ಹರಿದಿಲ್ಲ. 35×1 ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಇರುವವರನ್ನು ಹುಡುಕಿ. ನೀವಿರುವುದು ಈ ಸೈಕಲ್‌ನ ತವರುಮನೆಯಲ್ಲಿ. ಸ್ಟ್ರಾಂಗ್‌ಲೈಟ್ ಹುಟ್ಟಿದ ಸೇಂಟ್ ಎಟಿಯೆನ್ ನಿಮ್ಮಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ಹಾದಿ. ಜನ ತಾವೇ ಸೈಕಲ್ ರಿಪೇರಿ ಮಾಡಿಕೊಳ್ಳುವ ಕಾರ್ಯಾಗಾರಗಳು ಫ್ರಾನ್ಸ್‌ನ ಊರೂರಲ್ಲಿವೆ. ಅಂಥ ಒಂದು ಕಡೆಗೆ ಹೋಗಿ. ಟ್ಯಾಪ್ ಸಿಗದಿದ್ದರೆ, ಕೆಲಸಕ್ಕೆ ಬಾರದ ಫ್ರೆಂಚ್ ಕಪ್ಪೊಂದನ್ನು ಕೇಳಿ ಪಡೆದು ಅದರ ಥ್ರೆಡ್ಡಿಗೆ ಅಡ್ಡಲಾಗಿ ಹ್ಯಾಕ್‌ಸಾದಿಂದ ಎರಡು ಗೀರು ಹಾಕಿ. ಎಣ್ಣೆ ಹಚ್ಚಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅದೇ ಟ್ಯಾಪ್.

ಆಕ್ಸಲ್ ಹುಡುಕುವಾಗ ಬರೀ ಉದ್ದ ನೋಡಬೇಡಿ. ಗೋಲಿ ಕೂರುವ ಎರಡು ಏಣುಗಳ ನಡುವಿನ ಅಂತರವನ್ನು ನಿಮ್ಮ ಹಳೆಯ ಆಕ್ಸಲ್‌ನಲ್ಲಿ ವರ್ನಿಯರ್‌ನಿಂದ ಅಳೆದುಕೊಂಡು ಹೋಗಿ, ಹೊಸದರಲ್ಲೂ ಅದೇ ಇರಬೇಕು. ಕ್ರ್ಯಾಂಕನ್ನೂ ಚೀಲದಲ್ಲಿ ಒಯ್ಯಿರಿ. ಚೌಕ ತುದಿಯ ದಪ್ಪ ಕಂಪನಿಯಿಂದ ಕಂಪನಿಗೆ ಕೂದಲೆಳೆಯಷ್ಟು ಬೇರೆ. ಆ ಕೂದಲೆಳೆಗೇ ಕ್ರ್ಯಾಂಕ್ ನಾಲ್ಕೈದು ಮಿಲಿಮೀಟರ್ ಒಳಗೋ ಹೊರಗೋ ಕೂರುತ್ತದೆ. ಆಕ್ಸಲ್ ಮೇಲೆ ಕೂರಿಸಿ ನೋಡಿಯೇ ಕೊಳ್ಳಿ.

ಹುಬ್ಬಳ್ಳಿಯ ಸದಸ್ಯೆಯೊಬ್ಬರು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ ಅಣ್ಣ. ಕಾಟರ್ ಪಿನ್ ನಮ್ಮಲ್ಲಿ ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ. ನನ್ನ ಗಂಡ ಪ್ಯಾರಿಸ್‌ನಲ್ಲಿದ್ದಾಗ ಕೊಂಡ ಹಳೆಯ ಫ್ರೆಂಚ್ ಸೈಕಲ್ ಮನೆಯಲ್ಲಿದೆ. ಸ್ಟೀಲ್ ಕ್ರ್ಯಾಂಕೇ ಇರಲಿ ಎಂದರೆ ಇಲ್ಲಿಯ ಪಿನ್ ಹಾಕಬಹುದೇ? ತೆಗೆಯುವುದಾದರೂ ಹೇಗೆ?

ಉತ್ತರ:
ಬನ್ನಿ ಅಕ್ಕ, ಒಳ್ಳೆಯ ಪ್ರಶ್ನೆ. ನಮ್ಮ ಕರಿ ಸೈಕಲ್‌ಗಳದ್ದು ಇಂಗ್ಲಿಷ್ ವಂಶ, ಪಿನ್ 9.5 ಮಿ.ಮೀ. ಫ್ರೆಂಚ್ ಪಿನ್ 9 ಮಿ.ಮೀ. ಅರ್ಧ ಮಿಲಿಮೀಟರ್ ತಾನೇ ಎಂದು ಬಡಿದರೆ ಪಿನ್ ಅರ್ಧಕ್ಕೇ ನಿಲ್ಲುತ್ತದೆ, ರಂಧ್ರವೂ ಕೆಡುತ್ತದೆ. 9ರದನ್ನೇ ತರಿಸಿ.

ತೆಗೆಯುವಾಗ ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿ. ಕ್ರ್ಯಾಂಕಿನ ಕೆಳಗೆ, ಪಿನ್ನಿನ ತಲೆಯ ಸುತ್ತ ಬರುವಂತೆ ಕಬ್ಬಿಣದ ಕೊಳವೆಯೊಂದನ್ನು ನೆಲದಿಂದ ನೇರ ಆನಿಸಿ. ಆಮೇಲೆ ದೊಡ್ಡ ಸುತ್ತಿಗೆಯಿಂದ ನಟ್ಟಿರುವ ತುದಿಗೆ ಒಂದೇ ಏಟು. ಸಣ್ಣ ಸುತ್ತಿಗೆಯಿಂದ ನೂರು ಸಲ ಕುಟ್ಟಿದರೆ ಪಿನ್ನಿನ ಆ ತುದಿ ಅಣಬೆಯಾಗುತ್ತದೆ. ಕೊಳವೆ ಇಡದೆ ಹೊಡೆದರೆ ಏಟೆಲ್ಲ ಗೋಲಿ ಓಡುವ ದಾರಿಯ ಮೇಲೆ ಬಿದ್ದು ಅಲ್ಲಿ ಗುಳಿ ಏಳುತ್ತದೆ. ನಮ್ಮ ಲಿಯೋನ್ ಸ್ನೇಹಿತರ ಎಡಗಪ್ಪಿನ ಮೂರು ಗುಳಿಗಳ ಮೇಲೂ ನನಗೆ ಆ ಅನುಮಾನವಿದೆ.

ಪ್ರಶ್ನೆ ಕೇಳಿದವರು:
ಅನುಮಾನ ನಿಜ ಸರ್, ಕೊಳವೆ ಇಟ್ಟಿರಲಿಲ್ಲ. ಕಾರ್ಯಾಗಾರಕ್ಕೆ ಹೋಗಿ ಬಂದೆ. ಹಿರಿಯರೊಬ್ಬರು ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲೆ ಸುರಿದರು, ತುಂಬ ಬರೀ ಬಿಬಿ ಕಪ್ಪುಗಳು. 35×1 ಎಂದು ಕೆತ್ತಿದ್ದ ಎಡಗಪ್ ಸಿಕ್ಕಿತು, ಆಕ್ಸಲ್ ಕೂಡ. ಅವರ ಹತ್ತಿರ ಟ್ಯಾಪೂ ಇತ್ತು. ಇನ್ನು ಜೋಡಿಸುವುದಷ್ಟೇ. ಹಳೆಯ ಪೆಡಲ್ ಹೊಸ ಕ್ರ್ಯಾಂಕಿಗೆ ಸರಿಯಾಗಿ ಕೂತಿತು.

ಉತ್ತರ:
ಪೆಡಲ್ ಕೂತಿತೆಂದರೆ ಕ್ರ್ಯಾಂಕ್ ಕೂಡ ಫ್ರೆಂಚ್ ಥ್ರೆಡ್ಡಿನದೇ ಇರಬೇಕು, 14×1.25. ನಾಳೆ ಅಂಗಡಿಯ ಹೊಸ ಪೆಡಲ್ ತಂದರೆ ಅದು 9/16 ಇಂಚಿನದು, ಅದರಲ್ಲಿ ಹೋಗುವುದಿಲ್ಲ. ಆಗ ಕ್ರ್ಯಾಂಕಿಗೆ 9/16ರ ಟ್ಯಾಪ್ ಹಾಕಿಸಬಹುದು. ಅಲ್ಲಿ ನನ್ನ ತಕರಾರಿಲ್ಲ.

ಜೋಡಣೆ ಹೀಗೆ. ಬಲಗಪ್ಪಿಗೆ ಗ್ರೀಸ್ ಮೆತ್ತಿ ಕಾಲು ಇಂಚಿನ 11 ಗೋಲಿ, ಎಡಕ್ಕೂ 11. ಹಳೆಯ ಗೋಲಿಗಳನ್ನು ಮತ್ತೆ ಹಾಕಬೇಡಿ. ಆಕ್ಸಲ್‌ನ ಉದ್ದನೆಯ ತುದಿ ಚೈನಿನ ಕಡೆಗೆ. ಎಡಗಪ್ಪನ್ನು ಆಟ ಹೋಗುವವರೆಗೆ ತಿರುಗಿಸಿ, ಅಲ್ಲಿಂದ ಒಂದು ಚೂರು ಹೆಚ್ಚು ಬಿಗಿ ಮಾಡಿ. ಲಾಕ್ ರಿಂಗ್ ಬಿಗಿದಾಗ ಅದು ಕಪ್ಪನ್ನು ಸ್ವಲ್ಪ ಹೊರಗೆ ಎಳೆಯುತ್ತದೆ, ಆ ಚೂರು ಅಲ್ಲಿಗೆ ಸರಿಹೋಗುತ್ತದೆ. ಮೊದಲ ಸಲಕ್ಕೇ ಸರಿಯಾದರೆ ನಿಮ್ಮದು ಅದೃಷ್ಟ. ನನಗೆ ಇವತ್ತಿಗೂ ಮೂರು ಸಲ ಬೇಕು.

ಕ್ರ್ಯಾಂಕ್ ಕೂರಿಸಿ ಚೈನ್ ಲೈನ್ ನೋಡಿ. ಮುಂದಿನ ಎರಡು ಹಲ್ಲುಚಕ್ರಗಳ ನಡುವಿನ ಮಧ್ಯಭಾಗವು ಸೀಟ್ ಕೊಳವೆಯ ನಡುವಿನಿಂದ ಸುಮಾರು 43.5 ಮಿ.ಮೀ. ದೂರವಿರಬೇಕು. ಈ ಕಾಲದ ಫ್ರೆಂಚ್ ಕೊಳವೆ 28 ಮಿ.ಮೀ. ದಪ್ಪ, ಹಾಗಾಗಿ ಕೊಳವೆಯ ಬಲ ಮೈಯಿಂದ 29.5 ಅಳೆದರೆ ಆಯಿತು. ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಆಕಾಶ ಬೀಳುವುದಿಲ್ಲ.

ಕ್ರ್ಯಾಂಕ್ ಬಿಗಿಯುವ ಮೊದಲು, ಅದನ್ನು ಮುಂದೆ ಎಳೆದು ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಈಗಿನದು 22 ಮಿ.ಮೀ., ಹಳೆಯ ಸ್ಟ್ರಾಂಗ್‌ಲೈಟ್ 23.35, ಟಿ.ಎ. ಎಂಬ ಇನ್ನೊಂದು ಫ್ರೆಂಚ್ ಕಂಪನಿಯ ಕ್ರ್ಯಾಂಕ್ 23. ಹತ್ತಿರದ ಅಳತೆಯದನ್ನು ತುರುಕಿದರೆ ಅಲ್ಯುಮಿನಿಯಂ ಥ್ರೆಡ್ ಬೆಣ್ಣೆಯಂತೆ ಕಿತ್ತು ಬರುತ್ತದೆ.

ಪ್ರಶ್ನೆ ಕೇಳಿದವರು (ಹತ್ತು ದಿನಗಳ ನಂತರ):
ಸರ್, ಸೋನ್ ನದಿಯ ದಂಡೆಯಲ್ಲಿ ಮೂವತ್ತು ಕಿಲೋಮೀಟರ್ ಹೊಡೆದೆ. ಕರಕರ ಇಲ್ಲ. ಆದರೆ ನಿನ್ನೆಯಿಂದ ಎಡಗಾಲು ಒತ್ತಿದಾಗಲೆಲ್ಲ ಟಕ್ ಎನ್ನುತ್ತದೆ. ಬಿಬಿ ಮತ್ತೆ ಬಿಚ್ಚಬೇಕೇ?

ಉತ್ತರ:
ಬಿಬಿ ಮುಟ್ಟಬೇಡಿ, ಸೈಕಲ್ ಓಡಿಸುವುದನ್ನೂ ನಿಲ್ಲಿಸಿ. ಎಡ ಕ್ರ್ಯಾಂಕಿನ ಬೋಲ್ಟ್ ಸಡಿಲವಾಗಿರುತ್ತದೆ. ಹೊಸದಾಗಿ ಕೂರಿಸಿದ ಅಲ್ಯುಮಿನಿಯಂ ಕ್ರ್ಯಾಂಕ್ ಮೊದಲ ಓಡಾಟದಲ್ಲಿ ಇನ್ನಷ್ಟು ಒಳಗೆ ಸರಿಯುತ್ತದೆ. ಹಾಗೇ ತುಳಿದರೆ ಚೌಕದ ರಂಧ್ರ ದುಂಡಗಾಗಿ ಕ್ರ್ಯಾಂಕ್ ಗುಜರಿಗೆ ಹೋಗುತ್ತದೆ. ಬಿಗಿದು, ಐವತ್ತು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ನೋಡಿ.

ಪ್ರಶ್ನೆ ಕೇಳಿದವರು:
ಕಾಲು ಸುತ್ತು ತಿರುಗಿತು ಸರ್, ಸದ್ದು ನಿಂತಿತು. ಹಳೆಯ ಆಕ್ಸಲ್, ಗುಳಿ ಬಿದ್ದ ಕಪ್, ಸ್ಟೀಲ್ ಕ್ರ್ಯಾಂಕ್ ಎಲ್ಲ ಬಾಲ್ಕನಿಯಲ್ಲಿವೆ. ಏನು ಮಾಡಲಿ?

ಉತ್ತರ:
ಕ್ರ್ಯಾಂಕನ್ನೂ ಆಕ್ಸಲ್ಲನ್ನೂ ಆ ಹಿರಿಯರಿಗೇ ಕೊಟ್ಟುಬನ್ನಿ. ಗುಳಿ ಬಿದ್ದ ಕಪ್ಪಿಗೆ ಹ್ಯಾಕ್‌ಸಾ ಗೀರು ಹಾಕಿ ನಿಮ್ಮಲ್ಲೇ ಇಟ್ಟುಕೊಳ್ಳಿ.