ಶುಗರ್ ಬೇಗ ಇಳಿಸಿದರೆ ಕಣ್ಣು ಹೋಗುತ್ತಂತೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ‘ತಿಪಟೂರು ಮನೆ’. 27 ಜನ ಇದ್ದೇವೆ. ತಿಪಟೂರಿನ ಆ ಮನೆ ಮಾರಿ 8 ವರ್ಷ ಆಯ್ತು. ಗುಂಪಿನ ಹೆಸರು ಮಾತ್ರ ಹಾಗೇ ಇದೆ.

ಮೊನ್ನೆ ಭಾನುವಾರ ಬೆಳಿಗ್ಗೆ 6.40ಕ್ಕೆ ರಂಗಣ್ಣ ಚಿಕ್ಕಪ್ಪ ಒಂದು ಮೆಸೇಜ್ ಹಾಕಿದರು. ಮೇಲೆ ಜೋಡಿ ಬಾಣದ ಗುರುತು. ಅಂದರೆ ಊರೆಲ್ಲ ಸುತ್ತಿ ಬಂದ ಸರಕು.

‘ಎಚ್ಚರ! ಶುಗರ್ ಬೇಗ ಇಳಿಸಿದರೆ ಕಣ್ಣು ಹೋಗುತ್ತದೆ! ವಿದೇಶಿ ವಿಜ್ಞಾನಿಗಳೇ ಒಪ್ಪಿಕೊಂಡ ಸತ್ಯ. ಡಾಕ್ಟರುಗಳು ಇದನ್ನು ನಿಮಗೆ ಹೇಳುವುದಿಲ್ಲ. ಹತ್ತು ಜನಕ್ಕೆ ಕಳಿಸಿ, ಹತ್ತು ಮನೆ ಉಳಿಸಿ.’

ಅದರ ಕೆಳಗೆ ಚಿಕ್ಕಪ್ಪನ ಸ್ವಂತ ಮಾತು: ‘ನಾನು ಮೊದಲೇ ಹೇಳಿದ್ದೆ.’

ಯಾರಿಗೆ, ಯಾವಾಗ ಹೇಳಿದ್ದರೋ ದೇವರಿಗೇ ಗೊತ್ತು. ಚಿಕ್ಕಪ್ಪನಿಗೆ 14 ವರ್ಷದಿಂದ ಶುಗರ್. ಮೂರು ತಿಂಗಳ ಶುಗರ್ ಲೆಕ್ಕ ಹೇಳುವ ರಕ್ತಪರೀಕ್ಷೆ, ಎಚ್‌ಬಿಎ1ಸಿ ಹೋದ ವಾರ 10.2 ಬಂತು, ಜಾಸ್ತಿಯೇ. ಡಾಕ್ಟರು ವಾರಕ್ಕೊಂದು ಹಾಕಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಯುಗಾದಿಗೆ ಹತ್ತೇ ದಿನ. ಈ ಸಲ ತಲೆಗೆ ಒಂದೇ ಒಬ್ಬಟ್ಟು ಅಂತ ಚಿಕ್ಕಮ್ಮ ಆಗಲೇ ಸಾರಿಬಿಟ್ಟಿದ್ದಾರೆ. ಇಂಥ ಹೊತ್ತಲ್ಲಿ ಇಂಥ ಮೆಸೇಜ್ ಸಿಕ್ಕರೆ ಯಾರು ತಾನೇ ಬಿಡುತ್ತಾರೆ?

ಮೊದಲು ಎದ್ದವಳು ಸುಮಾ.

ಸುಮಾ: ಸೋರ್ಸ್ ಎಲ್ಲಿದೆ ಚಿಕ್ಕಪ್ಪ?

ರಂಗಣ್ಣ ಚಿಕ್ಕಪ್ಪ: ಅದರಲ್ಲೇ ಇದೆಯಲ್ಲಮ್ಮ, ವಿದೇಶಿ ವಿಜ್ಞಾನಿಗಳು ಅಂತ.

ಸುಮಾ: ಯಾವ ದೇಶ? ಯಾವ ವರ್ಷ? ಕೊರೊನಾ ಟೈಮಲ್ಲಿ ನೀವು ಕಳಿಸಿದ ಬೆಳ್ಳುಳ್ಳಿ ಮೆಸೇಜ್ ನೆನಪಿದೆಯಾ?

ರಂಗಣ್ಣ ಚಿಕ್ಕಪ್ಪ: ಬೆಳ್ಳುಳ್ಳಿ ತಿಂದ ನನಗೆ ಏನೂ ಆಗಲಿಲ್ಲ. ಸೋರ್ಸ್ ಕೇಳಿದ ನಿನಗೆ ಎರಡು ಸಲ ಬಂತು.

ಇದಕ್ಕೆ ಐದು ನಗುವ ಮುಖ ಬಿದ್ದವು. ಸುಮಾ ಸುಮ್ಮನಾದಳು. ಅಷ್ಟರಲ್ಲಿ ಶಿವರಾಮ ದೊಡ್ಡಪ್ಪ ಬಂದರು. ರಿಟೈರ್ಡ್ ಹೆಡ್‌ಮಾಸ್ಟರು. ವಾಟ್ಸಾಪಲ್ಲೂ ಪ್ರಾರ್ಥನೆ ಮುಗಿದ ಮೇಲೆ ಮಾತಾಡಿದ ಹಾಗೇ ಬರೆಯುತ್ತಾರೆ.

ಶಿವರಾಮ ದೊಡ್ಡಪ್ಪ: ಪ್ರಿಯ ಬಂಧುಗಳೇ. ನಮ್ಮ ಕಾಲದಲ್ಲಿ ಮುದ್ದೆ, ಹುರುಳಿ ಸಾರು, ದಿನಕ್ಕೆ ಆರು ಮೈಲಿ ನಡಿಗೆ. ಶುಗರ್ ಎಂಬ ಮಾತೇ ಕೇಳಿರಲಿಲ್ಲ. ಈಗ ಬಾಯಿಚಪಲ ಜಾಸ್ತಿ. ನಾಲಿಗೆ ಹಿಡಿತದಲ್ಲಿದ್ದರೆ ಕಣ್ಣು ತಾನಾಗಿ ಸರಿ ಇರುತ್ತದೆ.

ಅಜ್ಜಿಗೆ ಶುಗರ್ ಇತ್ತು. ಅಜ್ಜಿ ಮುದ್ದೆ ಬಿಟ್ಟು ಬೇರೆ ಉಂಡವರೇ ಅಲ್ಲ. ಇದನ್ನು ಬರೆಯೋಣ ಅಂತ ಟೈಪ್ ಮಾಡಿ ಅಳಿಸಿದೆ. ಬೇಕಿರಲಿಲ್ಲ, ಆ ವಿಷಯ ತಾನಾಗಿಯೇ ಬರುವುದಿತ್ತು.

ಮುದ್ದೆ ಅಂದ ಕೂಡಲೇ ಮಸ್ಕತ್ತಿಂದ ಮಂಜು ಎದ್ದ. ಅಜ್ಜಿಯ ಒಲೆ, ಕೋಲು ಹಾಕಿ ತಿರುವುವಾಗ ಅವರ ಬಳೆ ಸದ್ದು, ಆಮೇಲೆ ಹಿತ್ತಲ ಹಲಸಿನ ಮರ. ಮರ ಇನ್ನೂ ಇದೆಯಾ? ಕಡಿದಿದ್ದು ಯಾರು? ಮನೆ ಮಾರುವ ಮುಂಚೆಯೋ ಆಮೇಲೆಯೋ? ಮರದ ಬಗ್ಗೆಯೇ 22 ಮೆಸೇಜ್ ಬಂದವು. ಕಣ್ಣಿನ ಸುದ್ದಿ ಮೇಲಕ್ಕೆ ಸರಿದು ಕಾಣದಾಯಿತು.

ನಾನು ಆ ಹೊತ್ತಲ್ಲಿ ಕುಟುಂಬದ ಗುಂಪಿನಲ್ಲಿ ಯಾರೂ ಮಾಡಬಾರದ ಕೆಲಸ ಮಾಡಿದೆ. ಹುಡುಕಿ ಓದಿದೆ.

ಓದಿದರೆ ತಲೆಬಿಸಿ ಶುರು. ಮೆಸೇಜ್ ಪೂರ್ತಿ ಸುಳ್ಳಲ್ಲ. ಅಮೆರಿಕ, ಕೆನಡಾದಲ್ಲಿ 1441 ಜನರ ಮೇಲೆ ನಡೆದ ದೊಡ್ಡ ಅಧ್ಯಯನ ಒಂದಿದೆ, ಡಿಸಿಸಿಟಿ ಅಂತ. ಅದರ ಫಲಿತಾಂಶ ಬಂದಿದ್ದು 1993ರಲ್ಲಿ. ಶುಗರನ್ನು ಬಿಗಿಯಾಗಿ ಹಿಡಿದವರಲ್ಲಿ ಮೊದಲ ವರ್ಷದೊಳಗೆ ನೂರಕ್ಕೆ 13 ಜನರ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದ ಪರದೆ, ಇನ್ನಷ್ಟು ಕೆಟ್ಟಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಅದು ನೂರಕ್ಕೆ 8ರ ಹತ್ತಿರ. ಇಲ್ಲಿಗೆ ಓದುವುದು ನಿಲ್ಲಿಸಿದರೆ ಚಿಕ್ಕಪ್ಪ ಗೆದ್ದರು. ಆದರೆ ಅವರನ್ನೆಲ್ಲ ಸರಾಸರಿ ಆರೂವರೆ ವರ್ಷ ನೋಡಿದ್ದಾರೆ. ಶುರುವಿನಲ್ಲಿ ರೆಟಿನಾ ಚೆನ್ನಾಗಿದ್ದವರಲ್ಲಿ ಶುಗರ್ ಹಿಡಿತದಲ್ಲಿಟ್ಟುಕೊಂಡವರಿಗೆ ತೊಂದರೆ ಹುಟ್ಟುವ ಅಪಾಯ 76% ಕಡಿಮೆ ಆಗಿತ್ತು.

ವಾರದ ಇಂಜೆಕ್ಷನ್ನಿನ ಕತೆಯೂ ಇದೇ ಜಾತಿಯದು. ಸೆಮಾಗ್ಲುಟೈಡ್ ಅನ್ನುವ ಅಂಥ ಇಂಜೆಕ್ಷನ್ ಬಗ್ಗೆ 2016ರಲ್ಲಿ ಒಂದು ವರದಿ ಬಂತು, 3297 ಜನ, ಎರಡು ವರ್ಷ. ಹೃದಯಾಘಾತ, ಪಾರ್ಶ್ವವಾಯು ಇಂಥವು ಕಡಿಮೆ ಆದವು. ಕಣ್ಣಿನ ತೊಂದರೆ ಮಾತ್ರ ಔಷಧಿ ತೆಗೆದುಕೊಂಡವರಲ್ಲಿ ನೂರಕ್ಕೆ 3, ಉಳಿದವರಲ್ಲಿ 1.8. ಹಾಗೆ ತೊಂದರೆ ಆದವರಲ್ಲಿ ಹೆಚ್ಚಿನವರಿಗೆ ಮೊದಲೇ ರೆಟಿನೋಪತಿ, ಅಂದರೆ ಶುಗರಿನಿಂದ ರೆಟಿನಾ ಕೆಡುವ ಕಾಯಿಲೆ ಇತ್ತು. ಹಾಗಾಗಿ ಔಷಧಿ ಬಿಡಿ ಅನ್ನುವುದು ಇದರ ಅರ್ಥ ಅಲ್ಲ. ಶುರು ಮಾಡುವ ಮುಂಚೆ ಕಣ್ಣಿನ ಒಳಗೆ ಒಂದು ಸಲ ನೋಡಿಸಿಕೊಳ್ಳಿ, ಅಷ್ಟೇ.

ಇದನ್ನೆಲ್ಲ 11 ಸಾಲಲ್ಲಿ ಬರೆದು ಗುಂಪಿಗೆ ಹಾಕಿದೆ.

ರಂಗಣ್ಣ ಚಿಕ್ಕಪ್ಪ: ನೋಡಿದ್ರಾ! ನಿಜ ಅಂತ ಪ್ರಸನ್ನನೇ ಹೇಳಿದ.

ಸುಮಾ: 1993ರದ್ದು ಟೈಪ್ 1 ಇರುವವರ ಮೇಲೆ ಮಾಡಿದ್ದು. ಚಿಕ್ಕಪ್ಪನದು ಟೈಪ್ 2.

ಶಿವರಾಮ ದೊಡ್ಡಪ್ಪ: ಪ್ರಸನ್ನ, ‘ಅದ್ಯಯನ’ ಅಲ್ಲ, ‘ಅಧ್ಯಯನ’. ಮಹಾಪ್ರಾಣ.

ಸುಮಾ ಹೇಳಿದ್ದು ಸರಿಯೇ, ಎರಡೂ ಬೇರೆ ಬೇರೆ ಬಗೆಯ ಶುಗರ್. ಆದರೆ ಇಂಜೆಕ್ಷನ್ನಿನ ವರದಿ ಟೈಪ್ 2 ಅವರದೇ ಅಂತ ಅದರ ಕೆಳಗಿನ ಸಾಲಲ್ಲೇ ಇತ್ತು. ಸೋರ್ಸ್ ಕೇಳುವವರು ಸೋರ್ಸ್ ಓದುತ್ತಾರೆ ಅಂತ ನಾನು ಯಾಕೆ ಅಂದುಕೊಂಡೆನೋ.

ಅಲ್ಲಿಗೆ ಅತ್ತೆ ಮಗ ಕಿರಣ ಬಂದ. ಐಟಿಯವನು. ಈಗ ರೆಟಿನಾ ಫೋಟೊವನ್ನು ಎಐ ನೋಡುತ್ತೆ, ಕಣ್ಣಿನ ಡಾಕ್ಟರೇ ಬೇಡ ಅಂದ. 2016ರ ಗೂಗಲ್ ಪ್ರಬಂಧದಲ್ಲಿ ಅರವಿಂದ್ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯದ ಜೊತೆ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯದ ಫೋಟೊಗಳೂ ಇವೆ, ಹೆಮ್ಮೆ ಪಡಿ ಅಂದ. ಅದು ನಿಜ. ಅದೇ ಕಂಪನಿಯ ಯಂತ್ರ ಥಾಯ್ಲೆಂಡಿನ ಸಣ್ಣ ಕ್ಲಿನಿಕ್ಕುಗಳಿಗೆ ಹೋದಾಗ ಐದರಲ್ಲಿ ಒಂದು ಫೋಟೊ ಸರಿಯಿಲ್ಲ ಅಂತ ವಾಪಸ್ ಮಾಡಿತ್ತು, ಕೋಣೆಯಲ್ಲಿ ಬೆಳಕು ಸರಿ ಇರಲಿಲ್ಲ. ಅದು ಕಿರಣನ ಮೆಸೇಜಲ್ಲಿ ಇರಲಿಲ್ಲ. ನಾನೂ ಹಾಕಲಿಲ್ಲ. ಮತ್ತೆ ಮಹಾಪ್ರಾಣ ತಪ್ಪಿದರೆ ಕಷ್ಟ.

ಸುಮಾ ಬಿಡುವವಳಲ್ಲ. ಮೆಚ್ಚುವ ಸುದ್ದಿಯೂ ಇದೆ ಅಂತ ಸ್ಕಾಟ್ಲೆಂಡಿನ 2024ರ ಸಂಶೋಧನೆ ತಂದಳು. 1151 ಜನ. ಫೆನೋಫೈಬ್ರೇಟ್ ಅನ್ನುವ ಹಳೆಯ ಅಗ್ಗದ ಮಾತ್ರೆ. ಆಗಲೇ ರೆಟಿನಾ ಸ್ವಲ್ಪ ಕೆಟ್ಟಿದ್ದವರಲ್ಲಿ ಅದು ಮುಂದುವರಿಯುವುದು 27% ಕಡಿಮೆ ಆಯಿತು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು ಇಳಿಸಲು ಕೊಡುವ ಮಾತ್ರೆ ಅದು.

ಶಿವರಾಮ ದೊಡ್ಡಪ್ಪ: ಅದನ್ನು ನಾನು ಆರು ವರ್ಷದಿಂದ ಸೇವಿಸುತ್ತಿದ್ದೇನೆ.

ರಂಗಣ್ಣ ಚಿಕ್ಕಪ್ಪ: ನಾಲಿಗೆ ಹಿಡಿತದಲ್ಲಿ ಇರುವವರಿಗೆ ಆ ಮಾತ್ರೆ ಯಾಕೆ ಬೇಕು ಅಣ್ಣ?

ಎರಡು ನಿಮಿಷ ಗುಂಪು ತಣ್ಣಗಿತ್ತು. ದೊಡ್ಡಪ್ಪ ಟೈಪಿಂಗ್. ನಿಂತಿತು. ಮತ್ತೆ ಟೈಪಿಂಗ್.

ಶಿವರಾಮ ದೊಡ್ಡಪ್ಪ: ಅಮ್ಮನ ಕಣ್ಣು ಹೋದಾಗ ನೀನು ಎಲ್ಲಿದ್ದೆ ರಂಗ?

2011ರ ಮಾತು. ಅಜ್ಜಿ ಜಗಲಿ ಮೇಲೆ ಕೂತು ಕನಕಾಂಬರ ಕಟ್ಟುತ್ತಿದ್ದರು. ಕಣ್ಣ ಮುಂದೆ ಕೂದಲು ಬಂದಿದೆ ಅಂತ ಕೈಯಲ್ಲಿ ಸರಿಸಿದರು. ಹೋಗಲಿಲ್ಲ. ಜೇಡರ ಬಲೆ ಇರಬೇಕು ಅಂತ ನನ್ನ ಕೈಲಿ ಪೊರಕೆ ತರಿಸಿ ಬಾಗಿಲ ಮೇಲೆಲ್ಲ ಗುಡಿಸಿಸಿದರು. ಬಲೆ ಇರಲಿಲ್ಲ. ನೋವೂ ಇರಲಿಲ್ಲ, ಅದಕ್ಕೇ ಯಾರಿಗೂ ಅವಸರ ಆಗಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದು 12 ದಿನ ಆದ ಮೇಲೆ. ಕಣ್ಣೊಳಗೆ ರಕ್ತ ಸೋರಿದೆ, ಶುಗರ್ ಬಂದಾಗಿಂದ ಒಂದು ಸಲವೂ ರೆಟಿನಾ ತೋರಿಸಿಲ್ಲವಾ ಅಂತ ಕೇಳಿದರು. ಬಲಗಣ್ಣಿಗೆ ಲೇಸರ್ ಮಾಡಿ ಉಳಿಸಿದರು. ಎಡಗಣ್ಣಲ್ಲಿ ಕೊನೆಯವರೆಗೂ ಬರೀ ಬೆಳಕು ಕಾಣುತ್ತಿತ್ತು, ಅಷ್ಟೇ.

ಆ 12 ದಿನದ್ದೇ ಜಗಳ. ಕಾರು ಇದ್ದಿದ್ದು ದೊಡ್ಡಪ್ಪನ ಹತ್ತಿರ ಮಾತ್ರ. ಕಾರು ಗ್ಯಾರೇಜಲ್ಲಿತ್ತು ಅಂತ ಅವರು. ಗ್ಯಾರೇಜಲ್ಲಿರಲಿಲ್ಲ, ಅದೇ ವಾರ ಅರಸೀಕೆರೆ ಮದುವೆಗೆ ಹೋಗಿ ಬಂದಿದೆ ಅಂತ ಚಿಕ್ಕಪ್ಪ. ಕೊನೆಗೆ ರೈಲಲ್ಲಿ ಕರೆದುಕೊಂಡು ಹೋಗಿದ್ದು ನಮ್ಮಪ್ಪ. ಅಪ್ಪ ಇವತ್ತಿನ ಗಲಾಟೆ ಎಲ್ಲ ಓದುತ್ತಿದ್ದರು. ಒಂದಕ್ಷರ ಬರೆಯಲಿಲ್ಲ. ಮದುವೆಯ ಫೋಟೊ ನನ್ನ ಹತ್ತಿರ ಇರಬೇಕು, ಹುಡುಕುತ್ತೇನೆ ಅಂತ ಮಂಜು ಬರೆದ. ಅವನಿಗೆ ಏನು ನಡೀತಿದೆ ಅಂತಲೇ ಗೊತ್ತಾಗಿರಲಿಲ್ಲ.

ಮಧ್ಯಾಹ್ನ 1.15ಕ್ಕೆ ಚಿಕ್ಕಮ್ಮ ಒಂದು ಫೋಟೊ ಹಾಕಿದರು. ಚಿಕ್ಕಮ್ಮ ಗುಂಪಲ್ಲಿ ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕುವುದು ಬಿಟ್ಟರೆ ಬೇರೆ ಏನೂ ಮಾಡುವವರಲ್ಲ. ಅದು ಡಾಕ್ಟರ್ ಚೀಟಿಯ ಹಿಂಭಾಗ. ಮೂಲೆಯಲ್ಲಿ ಸಾರಿನ ಕಲೆ. ಪೆನ್ನಲ್ಲಿ ಬರೆದಿತ್ತು: ‘ಇಂಜೆಕ್ಷನ್‌ಗೆ ಮುಂಚೆ ರೆಟಿನಾ ತೋರಿಸಿ.’

ಚಿಕ್ಕಮ್ಮ: ಡಾಕ್ಟರ್ ಹೇಳಿದ್ದಾರೆ. ಇವರು ನನಗೆ ಹೇಳಿಲ್ಲ.

ಚಿಕ್ಕಮ್ಮ: ಕಣ್ಣು ತೋರಿಸಿದ ಹಳೇ ಕಾರ್ಡಲ್ಲಿ ಮಾರ್ಚ್ 2019 ಅಂತ ಇದೆ. ವರ್ಷ ಬಿಟ್ಟು ಬನ್ನಿ ಅಂತಲೂ ಇದೆ.

ರಂಗಣ್ಣ ಚಿಕ್ಕಪ್ಪ: ನನಗೆ ಪೇಪರ್ ಓದೋಕೆ ಬರುತ್ತೆ. ಗಾಡಿ ನಂಬರ್ ಕಾಣುತ್ತೆ. ಇನ್ನೇನು ಬೇಕು?

ಚಿಕ್ಕಮ್ಮ: ಅತ್ತೆಗೂ ಹಿಂದಿನ ದಿನದವರೆಗೆ ಸೂಜಿಗೆ ದಾರ ಪೋಣಿಸೋಕೆ ಬರ್ತಿತ್ತು.

ಚಿಕ್ಕಪ್ಪ ಗುಂಪು ಬಿಟ್ಟರು. ಇದು ನಾಲ್ಕನೇ ಸಲ. ಅಡ್ಮಿನ್ ಸವಿತಾ ಅತ್ತಿಗೆ ಸಂಜೆ ಕಾಫಿ ಹೊತ್ತಿಗೆ ಅವರನ್ನು ಮತ್ತೆ ಸೇರಿಸಿದರು, ಪ್ರತಿ ಸಲದ ಹಾಗೆ. ಒಳಗೆ ಬಂದ ಚಿಕ್ಕಪ್ಪ ಗುಲಾಬಿ ಹೂವಿನ ಶುಭಸಂಜೆ ಚಿತ್ರ ಹಾಕಿದರು. ಬೆಳಿಗ್ಗೆಯ ಫಾರ್ವರ್ಡ್ ಅಳಿಸಲು ಹೋಗಿ ತಮ್ಮ ಫೋನಲ್ಲಿ ಮಾತ್ರ ಅಳಿಸಿಕೊಂಡರು. ನಮಗೆಲ್ಲ ಅದು ಈಗಲೂ ಕಾಣುತ್ತಿದೆ.

ರಾತ್ರಿ 8 ಗಂಟೆಗೆ ಮತ್ತೆ ಚಿಕ್ಕಮ್ಮ.

ಚಿಕ್ಕಮ್ಮ: ಗುರುವಾರ ತುಮಕೂರಿಗೆ ಕಣ್ಣು ತೋರಿಸೋಕೆ ಹೋಗ್ತಿದ್ದೇವೆ. ಹನಿ ಹಾಕಿದ ಮೇಲೆ ಮೂರು ನಾಲ್ಕು ಗಂಟೆ ಎಲ್ಲ ಮಂಜುಮಂಜು, ಬಿಸಿಲು ನೋಡೋಕೆ ಆಗಲ್ಲ, ಇವರು ಗಾಡಿ ಓಡಿಸೋ ಹಾಗಿಲ್ಲ. ಯಾರಾದರೂ ಕಾರು ತರ್ತೀರಾ?

ಒಂಬತ್ತು ಗಂಟೆಗೆ ನೋಡಿದಾಗ 24 ಜನ ಓದಿದ್ದರು. ಸುಮಾ ಹೆಬ್ಬೆರಳು ಎತ್ತಿದ ಗುರುತು ಹಾಕಿದ್ದಳು. ಅವಳು ಇರುವುದು ಪುಣೆಯಲ್ಲಿ. ಕಿರಣ, ಆಪಲ್ಲಿ ಕ್ಯಾಬ್ ಸಿಗುತ್ತೆ ಅಂದ. ದೊಡ್ಡಪ್ಪ ಟೈಪಿಂಗ್ ಅಂತ ತೋರಿಸುತ್ತಿತ್ತು. ನಿಂತಿತು. ಮತ್ತೆ ಟೈಪಿಂಗ್.

ಶಿವರಾಮ ದೊಡ್ಡಪ್ಪ: ಕಾರನ್ನು ಸರ್ವೀಸಿಗೆ ಬಿಟ್ಟಿದ್ದೇನೆ.