ಸಹಾಯ ಬೇಕು: ಕಚೇರಿಯ ಸಂಧಾನದಲ್ಲಿ ಆಡಿದ ಮಾತು ಗೋಪ್ಯವಾಗಿ ಉಳಿಯುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿರುವ ನಮ್ಮ ವಿಚ್ಛೇದನ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳುಹಿಸಿದ್ದಾರೆ. ಅಲ್ಲಿ ಆಡಿದ ಮಾತು ಗೋಪ್ಯವೆಂದೂ ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದೂ ಮಧ್ಯಸ್ಥಗಾರರು ಮೊದಲೇ ತಿಳಿಸಿದ್ದರಿಂದ, ಮಗಳು ಯಾರ ಬಳಿ ಇರಬೇಕೆಂಬ ಮಾತುಕತೆ ಒಂದು ಹದಕ್ಕೆ ಬಂದಿದೆ. ತೊಡಕಿರುವುದು ಕಚೇರಿಯಲ್ಲಿ. ಮಧ್ಯಸ್ಥಿಕೆಗೆ ಹೋಗಲು ರಜೆ ಕೇಳಿದಾಗ ಮ್ಯಾನೇಜರ್ ಎಲ್ಲರೆದುರು, "ಮನೆಯ ರಗಳೆ ಮನೆಯಲ್ಲೇ ಇರಲಿ" ಎಂದರು. ಅಂದಿನಿಂದ ಇಬ್ಬರ ನಡುವೆ ಮಾತೆಲ್ಲ ಇಮೇಲ್‌ನಲ್ಲೇ, ಅದೂ ಎಚ್‌ಆರ್‌ಗೆ ಪ್ರತಿ ಸಮೇತ. ನಿದ್ದೆ ಕೆಟ್ಟು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದ ಮೇಲೆ ಮನಸ್ಸು ತುಸು ಹಗುರಾಯಿತಾದರೂ ಜಗಳ ಹಾಗೆಯೇ ಇದೆ. ಈಗ ಎಚ್‌ಆರ್ ವಿಭಾಗದವರು ನಮ್ಮಿಬ್ಬರನ್ನೂ ಕೂರಿಸಿ ಸಂಧಾನ ಮಾಡಿಸುತ್ತೇವೆ ಎನ್ನುತ್ತಿದ್ದಾರೆ. ವಿಚ್ಛೇದನದ ವಿಷಯ ತೆಗೆಯದೆ ನನ್ನ ಕಷ್ಟವನ್ನು ವಿವರಿಸಲಾಗದು, ತೆಗೆದರೆ ಅದು ನನ್ನ ಕಡತಕ್ಕೆ ಸೇರೀತೆಂಬ ಅಳುಕು. 2023ರ ಮಧ್ಯಸ್ಥಿಕೆ ಕಾಯ್ದೆಯ ಗೋಪ್ಯತೆ ಇಂತಹ ಆಂತರಿಕ ಸಂಧಾನಕ್ಕೂ ಅನ್ವಯಿಸುತ್ತದೆಯೇ? ಇಲ್ಲವಾದರೆ, ಕೂರುವ ಮುನ್ನ ಅವರಿಂದ ಯಾವ ಭರವಸೆಯನ್ನು ಬರವಣಿಗೆಯಲ್ಲಿ ಪಡೆಯಬೇಕು?